ಮಹಾಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು

ಮನೆಯ ಹಿರಿಯಳೆಂಬ ಮಾತಿಗೆ ನಮ್ಮ ನಾಡಿನಲ್ಲಿ ಒಂದು ವಿಶೇಷಾರ್ಥವುಂಟು. ಬೀಗದ ಕೈ ಸೊಂಟದಲ್ಲಿರುವವರೆಗೆ ಆಕೆ ಯಜಮಾನಿತಿ. ಅದನ್ನು ಸೊಸೆಯ ಕೈಗೊಪ್ಪಿಸಿ ದೇವರ ಮನೆಯ ಬಾಗಿಲಲ್ಲಿ ಕುಳಿತ ಮೇಲೆಯೂ ಮನೆಮಂದಿಯೆಲ್ಲ ಯಾರ ಮುಖವನ್ನು ನೋಡಿ ಹೆಜ್ಜೆಯಿಡುವರೋ ಆಕೆಯೇ ಹಿರಿಯಳು. ಮೊದಲನೆಯ ಪದವಿ ಅಧಿಕಾರದಿಂದ ಬರತಕ್ಕದ್ದು. ಎರಡನೆಯದು ಬಾಳಿದ ರೀತಿಯಿಂದ ಮಾತ್ರ ಬರತಕ್ಕದ್ದು. ಈ ಎರಡು ಪದವಿಗಳನ್ನೂ ಪಡೆದು, ಮೊದಲನೆಯದನ್ನು ಕಾಲಕ್ಕೆ ಸರಿಯಾಗಿ ಬಿಟ್ಟುಕೊಟ್ಟು, ಎರಡನೆಯದನ್ನು ಕೊನೆಯವರೆಗೂ ಉಳಿಸಿಕೊಂಡ ಓರ್ವ ಮಹನೀಯೆಯನ್ನು ಇಂದು ನಾವು ಸ್ಮರಿಸಬಯಸುತ್ತೇವೆ. ಅವರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಜನರ ಬಾಯಲ್ಲಿ ವಾಣೀವಿಲಾಸ ಸನ್ನಿಧಾನದವರು.

ರಾಜಸ್ತುತಿ ನಮ್ಮ ವ್ಯವಸಾಯವಲ್ಲ. ಅರಸೊತ್ತಿಗೆಗಳು ಚರಿತ್ರೆಗೆ ಸೇರಿಹೋಗಿರುವ ಈ ಕಾಲದಲ್ಲಿ ಅಂತಹ ಸ್ತುತಿಯಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಗುಣವನ್ನು ಗುಣವೆನ್ನಲು ಅದು ಅರಮನೆಯಲ್ಲಿದ್ದಿತೆಂಬ ಕಾರಣಕ್ಕೆ ಹಿಂಜರಿಯುವುದೂ ನ್ಯಾಯವಲ್ಲವಷ್ಟೆ.

ಸನ್ನಿಧಾನದವರು 1866ರಲ್ಲಿ ಕಳಲೆಯ ಅರಸು ಮನೆತನದಲ್ಲಿ ಜನಿಸಿದರು. 1878ರಲ್ಲಿ, ಹನ್ನೆರಡರ ಎಳೆಯ ವಯಸ್ಸಿನಲ್ಲಿ, ಅವರಿಗೆ ಚಾಮರಾಜೇಂದ್ರ ಒಡೆಯರೊಡನೆ ವಿವಾಹವಾಯಿತು. 1881ರಲ್ಲಿ ಸಂಸ್ಥಾನವು ಬ್ರಿಟಿಷರಿಂದ ಒಡೆಯರಿಗೆ ಹಿಂದಿರುಗಿ ಬಂದಿತು. ಇಬ್ಬರು ಕುಮಾರರೂ ಮೂವರು ಕುಮಾರಿಯರೂ ಇದ್ದ ತುಂಬಿದ ಸಂಸಾರ. ಅಷ್ಟರಲ್ಲಿ, ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲಮಾರಿಯ ಬೇನೆಗೆ ತುತ್ತಾಗಿ 1894ರ ಡಿಸೆಂಬರ್ 28ರಂದು ಅಲ್ಲಿಯೇ ದೈವಾಧೀನರಾದರು. ಅವರಿಗೆ ಆಗ ಮೂವತ್ತೊಂದು ವರ್ಷ, ಮಹಾರಾಣಿಯವರಿಗೆ ಇಪ್ಪತ್ತೆಂಟು, ಪಟ್ಟಕ್ಕೆ ಬರಬೇಕಾದ ಹಿರಿಯ ಕುಮಾರರಿಗೆ ಹತ್ತು.

ಆ ಮರಣವು ಒಂದು ಮನೆಯ ದುಃಖವಾಗಿ ಮಾತ್ರ ಉಳಿಯುವಂತಿರಲಿಲ್ಲ. 1831ರಲ್ಲಿ ಒಡೆಯರ ಕೈತಪ್ಪಿದ ಆಡಳಿತವು ಮರಳಿ ಬರಲು ಐವತ್ತು ವರ್ಷ ಬೇಕಾಗಿದ್ದಿತು. ಬಂದು ಹದಿಮೂರು ವರ್ಷಗಳು ಮಾತ್ರವೇ ಸಂದಿದ್ದುವು. ಈಗ ಸಿಂಹಾಸನದ ಮೇಲೆ ಕೂರಬೇಕಾದವರು ಬಾಲಕರು. ಪರಾಧಿಕಾರವು ಒಮ್ಮೆ ಒಳಗೆ ಕಾಲಿಟ್ಟರೆ ಎಷ್ಟು ಸಾವಕಾಶವಾಗಿ ಹೊರಡುವುದೆಂಬುದನ್ನು ಮೈಸೂರಿನವರಿಗೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ದೈವಕೃಪೆಯಿಂದ ಈ ಸಲ ಹಾಗಾಗಲಿಲ್ಲ. 1895ರ ಫೆಬ್ರವರಿಯಲ್ಲಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಅವರು ಪ್ರಾಪ್ತವಯಸ್ಕರಾಗುವವರೆಗೆ ತಾಯಿಯೇ ರೀಜೆಂಟರಾಗಿ ರಾಜ್ಯಭಾರವನ್ನು ವಹಿಸತಕ್ಕದ್ದೆಂದು ನಿಶ್ಚಯವಾಯಿತು. ಸೂತಕದ ಮನೆಯಿಂದ ಎದ್ದು ಬಂದ ಆ ತರುಣಿಯ ಕೈಯಲ್ಲಿ ಮಗನ ಬದುಕನ್ನೂ ರಾಜ್ಯದ ಬದುಕನ್ನೂ ಒಟ್ಟಿಗೆ ಇಟ್ಟಂತಾಯಿತು.

ಮುಂದಿನ ಏಳೂವರೆ ವರ್ಷಗಳಲ್ಲಿ ನಡೆದುದೆಲ್ಲವನ್ನೂ ಅವರೊಬ್ಬರ ಲೆಕ್ಕಕ್ಕೆ ಬರೆಯುವುದು ಸತ್ಯಕ್ಕೆ ಅಪಚಾರ. 1883ರಿಂದ 1901ರವರೆಗೆ ದಿವಾನಗಿರಿಯನ್ನು ನಡೆಯಿಸಿದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಬುದ್ಧಿಶಕ್ತಿಯೂ ರೀಜೆನ್ಸಿ ಕೌನ್ಸಿಲಿನವರ ದುಡಿಮೆಯೂ ಅದರ ಹಿಂದೆ ಇದ್ದುವು. ಬ್ರಿಟಿಷ್ ರೆಸಿಡೆಂಟರ ಕಣ್ಗಾವಲು ಎಲ್ಲದರ ಮೇಲೆಯೂ ಇದ್ದಿತು. ಆದರೆ ಸಮರ್ಥರಾದವರನ್ನು ಅಳುಕಿಲ್ಲದೆ ದುಡಿಯಗೊಡುವುದು ಆಳುವವರ ಗುಣಗಳಲ್ಲಿ ಅಲ್ಪವಾದುದಲ್ಲ. ಈ ಗುಣವಿಲ್ಲದ ಮೇಲಧಿಕಾರಿಯ ಕೆಳಗೆ ಕೆಲಸಮಾಡಿದ ನಮ್ಮ ವಾಚಕರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿರುವುದು.

ಆ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. 1897ರಲ್ಲಿ, ಹಿರಿಯ ಕುಮಾರಿಯ ವಿವಾಹೋತ್ಸವವು ನಡೆಯುತ್ತಿರುವಾಗಲೇ, ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದಿತು. ಮಾರನೆಯ ವರ್ಷವೇ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ಜನರು ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳನ್ನು ಸೇರಿದರು. ಇದರ ನಡುವೆಯೂ ಆರಂಭವಾದ ಕೆಲಸಗಳನ್ನು ನೋಡಬೇಕು. ಸುಟ್ಟುಹೋದ ಅರಮನೆಯ ಎಡೆಯಲ್ಲಿ ಇಂದು ಲೋಕವೇ ಬಂದು ನೋಡುವ ಅರಮನೆಗೆ ಅಸ್ತಿಭಾರವಾಯಿತು. ಅದು 1912ರಲ್ಲಿ ಮುಗಿಯಿತು. 1897ರಲ್ಲಿ ಸನ್ನಿಧಾನದವರು ತಾವೇ ಶಂಕುಸ್ಥಾಪನೆ ಮಾಡಿದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರ ಡಿಸೆಂಬರಿನಲ್ಲಿ ತೆರೆಯಿತು. 1898ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಹಾಕಲು ತೊಡಗಿದರು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು.

ಇವುಗಳಿಗೆ ಒಪ್ಪಿಗೆಯಿತ್ತವರು ಸಂಪ್ರದಾಯವನ್ನು ಮೀರದೆ, ಪೂಜೆ ಪುನಸ್ಕಾರಗಳಲ್ಲಿ ಕಾಲ ಕಳೆಯುತ್ತಿದ್ದ ವಿಧವೆ ಎಂಬುದನ್ನು ಮರೆಯಬಾರದು. ದೇವರಲ್ಲಿ ಭಕ್ತಿಯುಳ್ಳವರು ಹೊಸದಕ್ಕೆ ಹಗೆಗಳೆಂದೂ, ಹೊಸದನ್ನು ತರುವವರು ದೇವರಿಗೆ ವಿಮುಖರೆಂದೂ ಭಾವಿಸುವವರು ಇಂದಿಗೂ ಇದ್ದಾರೆ. ಅಂಥವರಿಗೆ ಈ ಏಳೂವರೆ ವರ್ಷಗಳಿಗಿಂತ ಬೇರೆ ಉತ್ತರ ಬೇಕಾಗಿಲ್ಲ. ನೇಮನಿಷ್ಠೆಯೂ ವಿದ್ಯುದ್ದೀಪವೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರಬಲ್ಲವು. ಮನೆಯ ಹಿರಿಯಳಿಗೆ ಎರಡರ ಸ್ಥಾನವೂ ತಿಳಿದಿದ್ದರೆ ಸಾಕು.

ಆದರೆ ನಮ್ಮ ಎಣಿಕೆಯಲ್ಲಿ ಅವರ ಬಾಳಿನ ಶ್ರೇಷ್ಠವಾದ ದಿನ ಇವಾವುವೂ ಅಲ್ಲ; 1902ನೆಯ ಆಗಸ್ಟ್ 8. ಅಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ, ವೈಸರಾಯ್ ಲಾರ್ಡ್ ಕರ್ಜನ್ನರ ಸಮಕ್ಷಮದಲ್ಲಿ, ಹದಿನೆಂಟು ವರ್ಷದ ಕೃಷ್ಣರಾಜ ಒಡೆಯರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಸನ್ನಿಧಾನದವರಿಗೆ ಆಗ ಮೂವತ್ತಾರು ವರ್ಷ. ಅಧಿಕಾರದ ರುಚಿ ಹತ್ತುವ ವಯಸ್ಸು. ಆಡಳಿತದ ಒಳಹೊರಗೆಲ್ಲ ತಿಳಿದಿದ್ದ ಕಾಲ. ಮಗನ ಹೆಸರಿನಲ್ಲಿ ಆಳುವ ಚಪಲದಿಂದ ಮನೆತನಗಳನ್ನೇ ಕೆಡಿಸಿದ ರಾಜಮಾತೆಯರು ಲೋಕದ ಚರಿತ್ರೆಯಲ್ಲಿ ವಿರಳರಲ್ಲ. ಸನ್ನಿಧಾನದವರು ಗಂಡನಿಂದ ಬಂದುದನ್ನು ಮಗನಿಗೆ ಒಪ್ಪಿಸಿ ಒಳಗೆ ನಡೆದರು. ಕಾಯಲೆಂದು ಕೊಟ್ಟದ್ದನ್ನು ಕಾಯ್ದು, ಕೇಳುವ ದಿನ ಬಂದಾಗ ಹಿಂದಿರುಗಿಸಿದುದಷ್ಟೇ. ಮಾತು ಸಣ್ಣದು, ನಡೆಸುವುದು ಸುಲಭವಲ್ಲ.

ಆ ಬಳಿಕ ಅವರು ಮೂವತ್ತೆರಡು ವರ್ಷ ಬಾಳಿದರು. ರಾಜ್ಯವಾಳಿದುದರ ನಾಲ್ಕರಷ್ಟು ಕಾಲ ಕೇವಲ ತಾಯಿಯಾಗಿ, ಅಜ್ಜಿಯಾಗಿ ಇದ್ದರು. ತಾವು ಆರಂಭಿಸಿದ ಮಾರಿಕಣಿವೆಯ ಕಟ್ಟೆಯು 1907ರಲ್ಲಿ ಮಗನ ಆಳ್ವಿಕೆಯಲ್ಲಿ ಮುಗಿದುದನ್ನು ಕಂಡರು. ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ಸವೆದುಹೋದುದನ್ನೂ ಕಂಡರು. ಹೆತ್ತವರಿಗೆ ಇದಕ್ಕಿಂತ ಘೋರವಾದ ದುಃಖವಿಲ್ಲ. ಆ ದುಃಖವನ್ನು ಅರಮನೆಯು ಅಂತಃಪುರದ ಕಣ್ಣೀರಾಗಿ ಬಿಡಲಿಲ್ಲ. ತೀರಿಕೊಂಡ ಕುಮಾರಿಯ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳಿಗೆ ಚಿಕಿತ್ಸಾಲಯವು ಏರ್ಪಟ್ಟಿತು. 1919ರಲ್ಲಿ ಮೊಮ್ಮಗ ಜಯಚಾಮರಾಜರ ಜನನವಾಯಿತು. ಹಿರಿಯ ಮಗನಿಗೆ ಸಂತಾನವಿಲ್ಲದಿದ್ದ ಮನೆಯಲ್ಲಿ ಆ ಕೂಸಿನ ತೊಟ್ಟಿಲು ಅಜ್ಜಿಗೆ ಎಷ್ಟರ ಸಮಾಧಾನವೆಂಬುದನ್ನು ಊಹಿಸಬಹುದು. 1931ರಲ್ಲಿ ಮಗ ಕೈಲಾಸ ಮಾನಸಸರೋವರಗಳ ಯಾತ್ರೆಯನ್ನು ಮಾಡಿಬಂದರು. ಗಾಂಧೀಜಿಯವರು ರಾಜರ್ಷಿಯೆಂದು ಕರೆದ ಆ ಮಗನ ದೈವಭಕ್ತಿಯೂ ಮಿತಭಾಷೆಯೂ ಯಾವ ಮಡಿಲಲ್ಲಿ ಬೆಳೆದುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1934ರ ಜುಲೈ ತಿಂಗಳಲ್ಲಿ ಸನ್ನಿಧಾನದವರು ಬೆಂಗಳೂರಿನಲ್ಲಿ ಕಾಲವಶರಾದರು. ಹತ್ತಿರ ಹತ್ತಿರ ನಲವತ್ತು ವರ್ಷಗಳ ವೈಧವ್ಯ ಅಂದಿಗೆ ಮುಗಿಯಿತು. 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಇಬ್ಬರು ಕುಮಾರರೂ ತೀರಿಕೊಂಡರು. ಆ ಎರಡು ಮರಣಗಳನ್ನು ನೋಡುವ ಸಂಕಟವನ್ನಾದರೂ ದೈವವು ಆ ತಾಯಿಗೆ ತಪ್ಪಿಸಿತು. 1947ರಲ್ಲಿ ಪ್ರಜೆಗಳು ಹೋರಾಡಿ ಜವಾಬ್ದಾರಿ ಸರ್ಕಾರವನ್ನು ಪಡೆದರು. ಅದು ಆಗಬೇಕಾದುದೇ ಆಗಿದ್ದಿತು. ರಾಜ್ಯವು ಯಾರ ಸ್ವತ್ತೂ ಅಲ್ಲ, ಕಾಲ ಬಂದಾಗ ಹಕ್ಕುದಾರರಿಗೆ ಒಪ್ಪಿಸತಕ್ಕ ನ್ಯಾಸವೆಂಬ ತತ್ತ್ವವನ್ನು ನಾವು ಗ್ರಂಥಗಳಿಂದ ಕಲಿತೆವು. ಆ ಮಹಾತಾಯಿ ತಮ್ಮ ಮಟ್ಟಿಗೆ ಅದನ್ನು 1902ರಲ್ಲಿಯೇ ಆಚರಿಸಿ ತೋರಿದ್ದರು.

ಅವರ ಹೆಸರು ಇಂದು ಮಾರಿಕಣಿವೆಯ ನೀರಿನ ಮೇಲಿದೆ, ಮೈಸೂರಿನ ಮೊಹಲ್ಲದ ಮೇಲಿದೆ, ಬಸವನಗುಡಿಯ ಬೀದಿಯ ಮೇಲಿದೆ. ಎಲ್ಲಕ್ಕಿಂತ ಒಪ್ಪುವ ಸ್ಮಾರಕವೆಂದರೆ, ಅವರು ಕಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ 1935ರಲ್ಲಿ ತೆರೆದ ವಾಣೀವಿಲಾಸ ಆಸ್ಪತ್ರೆ. ಬಡವರ ಹೆಣ್ಣುಮಕ್ಕಳು ಹೆರಿಗೆಗೆ ಅಲ್ಲಿಗೆ ಬರುತ್ತಾರೆ. ಆ ಹೆಸರು ಯಾರದೆಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿಯದು, ತಿಳಿಯದಿದ್ದರೂ ಕೊರತೆಯಿಲ್ಲ. ಆದರೆ ಕುರ್ಚಿಯ ಮೇಲೆ ಕುಳಿತು ಕಾಗದಕ್ಕೆ ರುಜು ಹಾಕುವ ನಮಗೆ, ಆ ಕುರ್ಚಿಯನ್ನು ಎಂದು ಬಿಡಬೇಕು, ಹೇಗೆ ಬಿಡಬೇಕು ಎಂಬುದು ತಿಳಿದಿರಬೇಕು. ಅದಕ್ಕಾಗಿ ಈ ಮಹಾತಾಯಿಯನ್ನು ವರ್ಷಕ್ಕೊಮ್ಮೆಯಾದರೂ ನೆನೆಯುವುದು ಒಳ್ಳೆಯದು.