ಸೊನ್ನಲಿಗೆಯಿಂದ ಸೊಲ್ಲಾಪುರ: ಊರ ಹೆಸರಿನ ಪಾಠ

ದುಧನಿ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಯ ಮಗುವಿಗೆ ಜಿಲ್ಲಾ ಕೇಂದ್ರದ ಹೆಸರು ಮೂರು ರೂಪಗಳಲ್ಲಿ ಎದುರಾಗುತ್ತದೆ: ಕನ್ನಡದಲ್ಲಿ ಸೊಲ್ಲಾಪುರ, ಮರಾಠಿಯಲ್ಲಿ ಸೋಲಾಪೂರ, ಆಂಗ್ಲರ ಕಾಲದ ಕಾಗದಪತ್ರಗಳಲ್ಲಿ ಶೋಲಾಪುರ. ಈ ಹೆಸರು ಹೇಗೆ ಬಂತೆಂದು ಕೇಳಿದರೆ, ಹದಿನಾರು ಹಳ್ಳಿಗಳು ಕೂಡಿ ಆದ ಊರು ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಈ ಉತ್ತರವನ್ನು ಪರೀಕ್ಷಿಸುವುದೇ ಒಂದು ಉತ್ತಮ ಭಾಷಾಪಾಠ.

ಮೊದಲನೆಯದಾಗಿ, ಮರಾಠಿಯಲ್ಲಿ ಹದಿನಾರಕ್ಕೆ ‘ಸೋಳಾ’ ಎನ್ನುತ್ತಾರೆ. ಊರ ಹೆಸರಿನಲ್ಲಿರುವುದು ಳಕಾರವಲ್ಲ, ಲಕಾರ. ಎರಡನೆಯದಾಗಿ, ಆ ಹದಿನಾರು ಹಳ್ಳಿಗಳ ಪಟ್ಟಿಯಲ್ಲಿಯೇ ಸೋಲಾಪುರ, ಸೊನ್ನಲಗಿ ಎಂಬ ಹೆಸರುಗಳಿವೆ. ವಿವರಿಸಬೇಕಾದ ಹೆಸರೇ ವಿವರಣೆಯೊಳಗೆ ಸೇರಿಕೊಂಡರೆ ಆ ವಿವರಣೆ ನಿಲ್ಲದು. ಮೂರನೆಯದು ಶಾಸನಗಳ ಸಾಕ್ಷ್ಯ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮನ ಕಾಲದ ಶಾಸನಗಳಲ್ಲಿ ಊರಿನ ಹೆಸರು ಸೊನ್ನಲಿಗೆ. ಮೋಹೋಳ ತಾಲೂಕಿನ ಕಾಮತಿಯಲ್ಲಿ ದೊರೆತ ಶಕ 1238ರ (ಕ್ರಿ.ಶ. 1316) ಸಂಸ್ಕೃತ ಶಾಸನದಲ್ಲಿ ಅದು ಸೋನಲಿಪುರ, ಸೊಲ್ಲಾಪುರದ ಕೋಟೆಯ ಒಂದು ಶಾಸನದಲ್ಲಿ ಸೋನಲಪುರ. ನಡುವಿನ ನಕಾರ ಲೋಪವಾಗಿ ಸೋಲಾಪುರ ಎಂದಾಗಿರುವುದು ಹೆಚ್ಚು ಸಂಭವನೀಯ. ಆಂಗ್ಲರು ಮೊದಲಿನ ಸಕಾರವನ್ನು ಶಕಾರವಾಗಿ ಬರೆದರು.

ಇಂತಹ ಕಥೆ ಹುಟ್ಟುವುದು ಇಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಯಾರ್ಕ್ ನಗರವನ್ನು ರೋಮನರು ಎಬೊರಾಕುಮ್ ಎಂದು ಕರೆಯುತ್ತಿದ್ದರು. ಬಳಿಕ ಬಂದ ಆಂಗ್ಲೋ-ಸ್ಯಾಕ್ಸನರು ಅದರಲ್ಲಿ ಕಾಡುಹಂದಿ ಎಂಬರ್ಥದ ತಮ್ಮ ಪದವನ್ನು ಕೇಳಿಸಿಕೊಂಡು ಎಯೊಫೊರ್ವಿಕ್ ಎಂದರು. ಅದು ಉತ್ತರದೇಶದ ವೈಕಿಂಗರ ಬಾಯಲ್ಲಿ ಯೋರ್ವಿಕ್ ಆಗಿ, ಕೊನೆಗೆ ಯಾರ್ಕ್ ಆಯಿತು. ಅರ್ಥ ತಿಳಿಯದ ಹೆಸರಿಗೆ ತಮ್ಮ ನುಡಿಯ ಅರ್ಥವನ್ನು ತೊಡಿಸುವ ಈ ರೂಢಿಯನ್ನು ಜನಪದ ನಿರುಕ್ತಿ ಎನ್ನುವರು. ಅದು ಜನರ ಕಲ್ಪನೆಗೆ ಸಾಕ್ಷಿ. ಹೆಸರಿನ ಹುಟ್ಟಿಗೆ ಅಲ್ಲ.

ಹದಿನಾರು ಹಳ್ಳಿಗಳ ಕಥೆಯೊಂದನ್ನೇ ಕಲಿತ ಮಗು, ವಚನಕಾರ ಸಿದ್ಧರಾಮನ ಸೊನ್ನಲಿಗೆಯನ್ನು ಎಲ್ಲಿಯೋ ದೂರದ ಊರೆಂದು ಭಾವಿಸುವುದು. ತನ್ನ ಜಿಲ್ಲೆಯೇ ವಚನದ ನೆಲವೆಂಬ ಅರಿವು ಅದಕ್ಕೆ ತಪ್ಪಿಹೋಗುವುದು. ಆದರೆ ಈ ಪಾಠವು ಕನ್ನಡ–ಮರಾಠಿಗಳ ವಾದವಾಗಕೂಡದು. ಕನ್ನಡ ಶಾಸನಗಳಲ್ಲಿದ್ದ ಹೆಸರನ್ನು ಸಂಸ್ಕೃತವೂ ಮರಾಠಿಯೂ ತಮ್ಮ ಉಚ್ಚಾರಣೆಯಲ್ಲಿ ಉಳಿಸಿಕೊಂಡು ಬಂದಿವೆ ಎಂಬುದನ್ನು ಮಕ್ಕಳು ಅರಿಯಬೇಕು.

ಚಟುವಟಿಕೆ: ವಿದ್ಯಾರ್ಥಿಗಳು ತಮ್ಮ ಊರಿನ ಹೆಸರನ್ನು ಹಿರಿಯರು ಉಚ್ಚರಿಸುವಂತೆಯೇ ಬರೆದುಕೊಳ್ಳಲಿ. ಮನೆಯಲ್ಲಿರುವ ಸಾತ್‌ಬಾರಾ ಉತಾರೆಯಲ್ಲಿಯೂ ಬಸ್ಸಿನ ಫಲಕದಲ್ಲಿಯೂ ಇರುವ ರೂಪಗಳನ್ನು ಅದರ ಪಕ್ಕದಲ್ಲಿ ದಾಖಲಿಸಲಿ. ಯಾವ ಅಕ್ಷರ ಉಳಿಯಿತು, ಯಾವುದು ಬದಲಾಯಿತು ಎಂಬುದನ್ನು ಗುರುತಿಸಿದ ಮೇಲೆಯೇ ಅರ್ಥದ ಚರ್ಚೆಗೆ ತೊಡಗಲಿ.