ಪ್ಯಾನಿಕ್ ಅಟ್ಯಾಕ್: ಅದೇ ಮಾತ್ರೆ ಒಬ್ಬರಿಗೆ ಹಿಡಿಸುತ್ತೆ, ಇನ್ನೊಬ್ಬರಿಗೆ ಯಾಕಿಲ್ಲ?

ಇದ್ದಕ್ಕಿದ್ದಂತೆ ಎದೆ ಡವಡವ, ಮೈಯೆಲ್ಲ ಬೆವರು, ಉಸಿರು ಕಟ್ಟಿದ ಹಾಗೆ, ‘ಇನ್ನೇನು ಪ್ರಾಣ ಹೋಯ್ತು’ ಅನ್ನೋ ಭಯ. ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ರೆ ಇಸಿಜಿ ನಾರ್ಮಲ್. ಇಂಥ ಅಟ್ಯಾಕ್ ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗಲೋ ಎಂಬ ಆತಂಕ ತಿಂಗಳುಗಟ್ಟಲೆ ಕಾಡಿದರೆ ಅದು ಪ್ಯಾನಿಕ್ ಡಿಸಾರ್ಡರ್ ಇರಬಹುದು. ಚಿಕಿತ್ಸೆಯಿಂದ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಕೆಲವರು ಮಾತ್ರ ‘ಮಾತ್ರೆ ಹಿಡಿಸಲಿಲ್ಲ’ ಎಂದು ಅರ್ಧಕ್ಕೇ ಬಿಡುತ್ತಾರೆ. ಅದಕ್ಕೆ ಹಲವು ಕಾರಣಗಳಿವೆ.

ಮೊದಲ ಎರಡು ವಾರ: ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆ ಶುರು ಮಾಡಿದಾಗ ಕೆಲವರಿಗೆ ಆರಂಭದಲ್ಲಿ ಚಡಪಡಿಕೆ ಜಾಸ್ತಿಯಾಗುತ್ತದೆ. ಅದಕ್ಕೇ ವೈದ್ಯರು ಕಡಿಮೆ ಡೋಸ್‌ನಿಂದ ಶುರು ಮಾಡುವುದು. ಗುಣ ಕಾಣಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇದು ಗೊತ್ತಿಲ್ಲದವರು ಎರಡನೇ ವಾರಕ್ಕೇ ಮಾತ್ರೆ ಬಿಟ್ಟುಬಿಡುತ್ತಾರೆ.

‘ಅಭ್ಯಾಸ ಆಗುತ್ತೆ’ ಎಂಬ ಭಯ: ತಕ್ಷಣ ಸಮಾಧಾನ ಕೊಡುವ ಆಲ್‌ಪ್ರಜೋಲಾಮ್‌ನಂಥ ಮಾತ್ರೆಗೆ ಈ ಮಾತು ನಿಜ. ದಿನಾ ನುಂಗಿದರೆ ಚಟ ಹತ್ತಬಹುದು. ಮೇಲಿನ ಮಾತ್ರೆಗಳು ಹಾಗಲ್ಲ. ಆದರೆ ಅವನ್ನೂ ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಜೊತೆಗಿರುವ ತೊಂದರೆ: ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಖಿನ್ನತೆ ಜೊತೆಗಿದ್ದರೆ ಚೇತರಿಕೆ ನಿಧಾನ. ‘ಧೈರ್ಯಕ್ಕೆ’ ಅಂತ ಕುಡಿದರೆ ರಾತ್ರಿ ಹಾಯೆನಿಸಿದರೂ ನಶೆ ಇಳಿದ ಮೇಲೆ ಆತಂಕ ಇನ್ನೂ ಹೆಚ್ಚು. ಮೇಲಿಂದ ಮೇಲೆ ಕಾಫಿ ಕುಡಿದರೂ ಕೆಲವರಿಗೆ ಅಟ್ಯಾಕ್ ಬರುತ್ತದೆ.

ತಪ್ಪಿಸಿಕೊಳ್ಳುವ ಅಭ್ಯಾಸ: ಒಮ್ಮೆ ಬಸ್ಸಲ್ಲಿ ಅಟ್ಯಾಕ್ ಆಯ್ತು ಅಂತ ಬಸ್ಸು ಬಿಡುವುದು, ಆಮೇಲೆ ಸಂತೆ, ಜಾತ್ರೆ, ಮದುವೆ ಮನೆಯನ್ನೂ ಬಿಡುವುದು. ಹೀಗೆ ಭಯ ಬೇರು ಬಿಟ್ಟರೆ ಬರೀ ಮಾತ್ರೆ ಸಾಲದು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಬಿಟ್ಟ ಜಾಗಗಳಿಗೆ ಹಂತ ಹಂತವಾಗಿ ಮರಳಿಸುತ್ತಾರೆ. ಬೇಕೆಂದೇ ಮೆಟ್ಟಿಲು ಹತ್ತಿಸಿ, ಎದೆ ಬಡಿತ ಜೋರಾದರೂ ಏನೂ ಆಗಲ್ಲ ಎಂದು ಅನುಭವದಿಂದಲೇ ತೋರಿಸುತ್ತಾರೆ.

ಮನೆಯವರು: ‘ಎಲ್ಲಾ ನಿನ್ನ ಭ್ರಮೆ’ ಎಂದರೆ ರೋಗಿ ಹೇಳಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಸಂತೆಯವರೆಗೆ ಜೊತೆಗೆ ನಡೆದು, ದಿನ ಕಳೆದಂತೆ ಒಬ್ಬರನ್ನೇ ಕಳಿಸಿದರೆ ಅದೇ ದೊಡ್ಡ ನೆರವು.

ಎಲ್ಲಿ ಕೇಳಬೇಕು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಬಹುದು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಇದ್ದು, ಕನ್ನಡದಲ್ಲೇ ಮಾತಾಡಬಹುದು. ಆದರೆ ಮೊದಲ ಬಾರಿ ಎದೆನೋವು ಬಂದಾಗ ‘ಇದು ಬರೀ ಪ್ಯಾನಿಕ್’ ಎಂದು ಮನೆಯಲ್ಲೇ ತೀರ್ಮಾನಿಸುವುದು ಬೇಡ. ಹೃದಯದ ತಪಾಸಣೆ ಮೊದಲು.