ಮಾತ್ರೆ ಕೊಡುವ ಕೈಗೂ ಪುರಾವೆ ಬೇಕು

ಯಾವ ಔಷಧ ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ನೋಡುವುದು ಡಾಕ್ಟರರ ಕೆಲಸ, ಫಾರ್ಮಸಿಸ್ಟರು ಚೀಟಿ ನೋಡಿ ಮಾತ್ರೆ ಕೊಟ್ಟರೆ ಸಾಕು. ಈ ನಂಬಿಕೆ ಗಿರಾಕಿಗಳಲ್ಲಿ ಮಾತ್ರವಲ್ಲ, ಎಷ್ಟೋ ಫಾರ್ಮಸಿಸ್ಟರಲ್ಲೂ ಇದೆ. ಆದರೆ ನೆಗಡಿ, ಜ್ವರ, ಭೇದಿ ಎಂದು ಜನ ಮೊದಲು ಹೋಗುವುದು ಮನೆ ಹತ್ತಿರದ ಮೆಡಿಕಲ್ ಶಾಪಿಗೆ, ಅದೂ ಚೀಟಿಯಿಲ್ಲದೆ. ಆಗ ಏನು ಕೊಡಬೇಕು, ಏನು ಕೊಡಬಾರದು ಎಂದು ತೀರ್ಮಾನಿಸುವವರು ಕೌಂಟರಿನ ಹಿಂದೆ ನಿಂತವರೇ. ಭೇದಿಯಾದ ಮಗುವಿಗೆ ಬಹುಪಾಲು ಬೇಕಿರುವುದು ಓಆರ್‌ಎಸ್ ಮತ್ತು ಝಿಂಕ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಇದನ್ನು ಜಂಟಿಯಾಗಿ ಹೇಳಿವೆ. ಅದರ ಬದಲು ಆಂಟಿಬಯಾಟಿಕ್ ಕೈಗೆ ಬಂದರೆ ಪುರಾವೆ ಸೋತದ್ದು ಆಸ್ಪತ್ರೆಯಲ್ಲಲ್ಲ, ಅಂಗಡಿಯಲ್ಲಿ.

ಎರಡನೆಯ ಕಲ್ಪನೆ ಇನ್ನೂ ಗಟ್ಟಿಯಾದದ್ದು: "ಇಪ್ಪತ್ತು ವರ್ಷದಿಂದ ಕೊಡ್ತಿದ್ದೀನಿ, ಎಲ್ಲರಿಗೂ ವಾಸಿಯಾಗಿದೆ. ಇದಕ್ಕಿಂತ ಪುರಾವೆ ಬೇಕಾ?" ಬೇಕು. ನೆಗಡಿ ಮಾತ್ರೆಗಳಲ್ಲಿರುವ ಫೆನೈಲ್‌ಎಫ್ರಿನ್ ಅನ್ನೇ ತೆಗೆದುಕೊಳ್ಳಿ. ಕಟ್ಟಿದ ಮೂಗು ಬಿಡಿಸುತ್ತದೆಂದು ದಶಕಗಳ ಕಾಲ ಲೋಕವೆಲ್ಲ ನುಂಗಿದ ಔಷಧ ಅದು. ನಮ್ಮಲ್ಲಿ ಈಗಲೂ ಹಲವು ಮಿಶ್ರಣಗಳಲ್ಲಿದೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಲಹಾ ಸಮಿತಿ ಪ್ರಯೋಗಗಳ ಮಾಹಿತಿಯನ್ನು ಮತ್ತೆ ಜಾಲಾಡಿ, ಬಾಯಿಯ ಮೂಲಕ ತೆಗೆದುಕೊಳ್ಳುವ ಈ ಔಷಧದಿಂದ ಮೂಗು ಬಿಡುತ್ತದೆಂಬುದಕ್ಕೆ ಆಧಾರವಿಲ್ಲ ಎಂದು ಒಮ್ಮತದಿಂದ ಹೇಳಿತು. ನುಂಗಿದ ಫೆನೈಲ್‌ಎಫ್ರಿನ್‌ನ ದೊಡ್ಡ ಭಾಗ ರಕ್ತಕ್ಕೆ ಸೇರುವ ಮೊದಲೇ ಕರುಳು ಮತ್ತು ಯಕೃತ್ತಿನಲ್ಲಿ ಒಡೆದುಹೋಗುತ್ತದೆ. ಹಾಗಿದ್ದರೆ ಜನರಿಗೆ ವಾಸಿಯಾದದ್ದು ಹೇಗೆ? ಸಾಧಾರಣ ನೆಗಡಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ವಾಸಿಯಾಗದವರು ಬೇರೆ ಅಂಗಡಿಗೋ ಡಾಕ್ಟರ ಹತ್ತಿರವೋ ಹೋಗಿರುತ್ತಾರೆ, ತಿರುಗಿ ಬಂದು ಹೇಳುವುದಿಲ್ಲ. ಅನುಭವ ಮೋಸ ಮಾಡುವುದು ಇಲ್ಲೇ. ಔಷಧ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಪ್ರಯೋಗ ಬೇಕಾಗುವುದು ಅದಕ್ಕೇ. ಮೆಡಿಕಲ್ ರೆಪ್ ತಂದುಕೊಡುವ ಬಣ್ಣದ ಕಾಗದ ಆ ಜಾಗವನ್ನು ತುಂಬಲಾರದು.

ಹಾಗೆಂದು ಅನುಭವವನ್ನು ಮೂಲೆಗೆಸೆದು ಪುಸ್ತಕ ಹೇಳಿದಂತೆ ನಡೆಯಬೇಕೆಂದಲ್ಲ. ಪುರಾವೆ ಆಧಾರಿತ ವೈದ್ಯಕೀಯದ ಪ್ರವರ್ತಕ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲೇ ಈ ಅಪಾರ್ಥವನ್ನು ತಳ್ಳಿಹಾಕಿದ್ದರು: ಒಳ್ಳೆಯ ಪುರಾವೆ, ವೃತ್ತಿಯ ಪರಿಣತಿ, ರೋಗಿಯ ಇಷ್ಟಾನಿಷ್ಟ ಮೂರೂ ಸೇರಬೇಕು.

ಫಾರ್ಮಸಿಸ್ಟರಿಗೆ ಪುರಾವೆಯಲ್ಲಿ ಆಸಕ್ತಿಯೇ ಇಲ್ಲ, ಅವರಿಗೆ ವ್ಯಾಪಾರವೇ ಮುಖ್ಯ ಎನ್ನುವವರೂ ಇದ್ದಾರೆ. ಈ ಮಾತು ನನಗೆ ಅನ್ಯಾಯವೆನಿಸುತ್ತದೆ. ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಫಾರ್ಮಸಿಸ್ಟರ ಒಲವು ಸಾಮಾನ್ಯವಾಗಿ ಪುರಾವೆಯ ಕಡೆಗೇ ಇದೆ. ಕೊರತೆಯಿರುವುದು ಸಮಯದಲ್ಲಿ, ಅಧ್ಯಯನವೊಂದನ್ನು ಓದಿ ತೂಗಿ ನೋಡುವ ತರಬೇತಿಯಲ್ಲಿ. ದೆಹಲಿ, ಮುಂಬೈ, ಪಾಟ್ನಾಗಳಲ್ಲಿ ತರಬೇತಿ ಪಡೆದವರನ್ನು ರೋಗಿಗಳ ವೇಷದಲ್ಲಿ ಮೆಡಿಕಲ್ ಶಾಪುಗಳಿಗೆ ಕಳಿಸಿ ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕ್ಷಯದ ಲಕ್ಷಣಗಳನ್ನಷ್ಟೇ ಹೇಳಿಕೊಂಡು ಹೋದಾಗ ಆಂಟಿಬಯಾಟಿಕ್ ಆಗಲಿ ಸ್ಟೆರಾಯ್ಡ್ ಆಗಲಿ ಕೊಡದೆ ಡಾಕ್ಟರ ಬಳಿ ಕಳಿಸಿದ್ದು ಶೇ. 13ರಷ್ಟು ಸಲ ಮಾತ್ರ. ಕ್ಷಯ ಇದೆಯೆಂಬ ಲ್ಯಾಬ್ ರಿಪೋರ್ಟ್ ತೋರಿಸಿದಾಗ ಅದು ಶೇ. 62ಕ್ಕೆ ಏರಿತು. ಇದೂ ಸಾಲದು, ನಿಜ. ಆದರೆ ಕಣ್ಣೆದುರು ಖಚಿತ ಮಾಹಿತಿ ಇದ್ದಾಗ ಕೌಂಟರಿನಲ್ಲಿ ತೀರ್ಮಾನ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2008ರಲ್ಲಿ ಶುರುವಾದ ಫಾರ್ಮ್.ಡಿ. ಪದವಿ ಕೋರ್ಸಿನಲ್ಲಿ ಪುರಾವೆಯನ್ನು ಅಳೆಯುವುದನ್ನು ಕಲಿಸುತ್ತಾರೆ. ನಮ್ಮ ಊರು, ಹೋಬಳಿಗಳ ಅಂಗಡಿಗಳಲ್ಲಿ ನಿಂತಿರುವವರಾದರೋ ಬಹುಮಟ್ಟಿಗೆ ಡಿ.ಫಾರ್ಮ್ ಡಿಪ್ಲೊಮಾ ಓದಿದವರು. ಅವರಿಗಾಗಿ ನಡೆಸುವ ರಿಫ್ರೆಶರ್ ಕೋರ್ಸುಗಳಲ್ಲಿ ಶೆಲ್ಫಿನಿಂದ ಒಂದೊಂದೇ ಡಬ್ಬಿ ಇಳಿಸಿ, ಇದರ ಬಗ್ಗೆ ಪ್ರಯೋಗಗಳು ಏನು ಹೇಳಿವೆ ಎಂದು ಕನ್ನಡದಲ್ಲೇ ಚರ್ಚಿಸಬೇಕು. ಆ ಚರ್ಚೆಯನ್ನು ನೆಗಡಿ ಮಾತ್ರೆಯಿಂದಲೇ ಆರಂಭಿಸಬಹುದು.